ಮಳೆಗಾಲದ ಆನ್‌ಲೈನ್ ಆರ್‌ಪಿಜಿ: ಮ್ಯಾಪ್ ಬೇಕಾ, ಮಾತು ಸಾಕಾ?

ಅಘನಾಶಿನಿ ಜಿಎಂ (ಕುಮಟಾ):

ಜೂನ್ ಬಂತು. ಇನ್ನು ಕೆಲವು ತಿಂಗಳು ನಮ್ಮ ಕಡೆ ರಾತ್ರಿ ಹೊತ್ತು ಯಾರೂ ಸುಮ್ನೆ ಮನೆಯಿಂದ ಹೊರಡುವುದಿಲ್ಲ. ಆನ್‌ಲೈನ್ ಆರ್‌ಪಿಜಿಗೆ, ಅಂದರೆ ಒಬ್ಬೊಬ್ಬರು ಒಂದು ಪಾತ್ರವಾಗಿ ಮಾತಾಡುತ್ತಾ, ಡೈಸ್ (ದಾಳ) ಹಾಕುತ್ತಾ ಕಥೆ ಕಟ್ಟುವ ಆಟಕ್ಕೆ, ಇದಕ್ಕಿಂತ ಒಳ್ಳೆಯ ಸೀಸನ್ ಇಲ್ಲ. ಕರೆಂಟು, ನೆಟ್ ಎರಡೂ ಕೈ ಕೊಡುವ ಸೀಸನ್ನೂ ಇದೇ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಾನು ಜಿಎಂ (ಗೇಮ್ ಮಾಸ್ಟರ್), ಕಥೆ ನಡೆಸಿ ಆಟ ಆಡಿಸುವ ಕೆಲಸ ನನ್ನದು. ನನ್ನ ಟೇಬಲ್‌ನಲ್ಲಿ, ಅಂದರೆ ಆಟದ ಗುಂಪಿನಲ್ಲಿ, ಒಬ್ಬ ಕಾರವಾರದವನು, ಇಬ್ಬರು ಶಿರಸಿ ಪೇಟೆಯಿಂದ ಒಳಗಿನ ಹಳ್ಳಿಯವರು, ಇನ್ನಿಬ್ಬರು ಕೆಲಸಕ್ಕೆಂದು ಬೆಂಗಳೂರು ಸೇರಿದವರು. ಕಥೆ ನಡೆಯುವುದು 16ನೇ ಶತಮಾನದ ಮಿರ್ಜಾನ್ ಕೋಟೆಯಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲ. ಘಟ್ಟದಿಂದ ಕಾಳುಮೆಣಸು ಇಳಿದು ಬರುತ್ತದೆ, ಅಘನಾಶಿನಿಯಲ್ಲಿ ದೋಣಿ ಹತ್ತುತ್ತದೆ. ಪೋರ್ಚುಗೀಸರು 1510ರಿಂದಲೇ ಗೋವಾದಲ್ಲಿ ಕೂತಿದ್ದಾರೆ. ಅವರೇ ಈ ರಾಣಿಯನ್ನು ಮೆಣಸಿನ ರಾಣಿ ಎಂದು ಕರೆದವರು. ನನ್ನ ಆಟಗಾರರು ಆ ಮೆಣಸಿನ ಮೂಟೆಗಳ ಕಾವಲಿನವರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಳೆಗಾಲ ಮುಗಿಯುವ ತನಕ ಮ್ಯಾಪ್ (ಕಥೆಯ ಜಾಗದ ಚಿತ್ರ), ಟೋಕನ್ (ಅದರ ಮೇಲೆ ಸರಿಸುವ ಪಾತ್ರದ ಬಿಲ್ಲೆ), ವಿಡಿಯೋ ಎಲ್ಲ ಬಿಟ್ಟು ಬರೀ ಮಾತಿನಲ್ಲಿ ಆಡಿಸಬೇಕು. ಗುಂಪಾಗಿ ಮಾತಾಡುವ ಆ್ಯಪ್ ಡಿಸ್ಕಾರ್ಡ್‌ನ ವಾಯ್ಸ್ ಚಾನೆಲ್ ಸಾಮಾನ್ಯವಾಗಿ 64 ಕೆಬಿಪಿಎಸ್‌ನಲ್ಲಿರುತ್ತದೆ. ಒಬ್ಬರು ಒಂದು ಗಂಟೆ ಬಿಡದೆ ಮಾತಾಡಿದರೂ 29 ಎಂಬಿ ಆಸುಪಾಸು. ಚಾನೆಲ್ ಸೆಟ್ಟಿಂಗ್‌ನಲ್ಲಿ ಅದನ್ನು 32ಕ್ಕೆ ಇಳಿಸಿದರೆ ಅರ್ಧ ಸಾಕು, ಮಾತು ಚೆನ್ನಾಗಿಯೇ ಕೇಳುತ್ತದೆ. ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕೂತವನೂ ಆಟದಲ್ಲಿ ಉಳಿಯುತ್ತಾನೆ. ಮ್ಯಾಪ್ ಇದ್ದರೆ ಅವನು ಪೇಜ್ ಲೋಡ್ ಆಗುವುದನ್ನೇ ನೋಡುತ್ತಾ ಕೂರಬೇಕು.

ಆದರೆ ಮ್ಯಾಪ್ ತೆಗೆದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಈಗ ಯಾರು ಮಾತಾಡಬೇಕು? ಒಂದೇ ಮನೆಯಲ್ಲಿ ಕೂತು ಆಡುವಾಗ ಕಣ್ಣಲ್ಲೇ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಒಂದೋ ಇಬ್ಬರು ಒಟ್ಟಿಗೆ ಶುರು ಮಾಡಿ ಇಬ್ಬರೂ ನಿಲ್ಲಿಸುತ್ತಾರೆ, ಇಲ್ಲಾ ಎಲ್ಲರೂ ಸುಮ್ಮನಾಗುತ್ತಾರೆ. ಜೋರು ದನಿಯ ಒಬ್ಬನ ಆಟವೇ ಎಲ್ಲರ ಆಟ ಆಗಿಬಿಡುತ್ತದೆ. ಆನ್‌ಲೈನ್ ಜಿಎಂಗೆ ಮೊದಲ ಕೆಲಸ ಮಾತಿನ ಸರದಿ ಹಂಚುವುದು ಎಂದು ನಾನು ನಂಬಿದ್ದೇನೆ. ಕಥೆ, ನಿಯಮ, ದನಿ ಬದಲಿಸಿ ಪಾತ್ರ ಮಾಡುವುದು ಎಲ್ಲ ಆಮೇಲೆ. ನಿಮ್ಮ ನಿಮ್ಮ ಟೇಬಲ್‌ನಲ್ಲಿ ಇದನ್ನು ಹೇಗೆ ಮಾಡುತ್ತೀರಿ?

ಕಾಳಿ ದಂಡೆ (ಕಾರವಾರ):

ಸರದಿಯ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಮ್ಯಾಪ್ ಬಿಡಬೇಕು ಅನ್ನುವುದನ್ನು ಒಪ್ಪುವುದಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ ಆರ್‌ಪಿಜಿ ಆಡಿಸುವವರಿಗೆ ಜಾಗ ಅನ್ನುವುದು ನಿಯಮದ ಒಳಗೇ ಇದೆ. ಮ್ಯಾಪಿನ ಒಂದು ಚೌಕ 5 ಅಡಿ. ಹೆಚ್ಚಿನ ಪಾತ್ರಗಳು ಒಂದು ಸರದಿಯಲ್ಲಿ 30 ಅಡಿ ನಡೆಯುತ್ತವೆ. ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಬಿದ್ದರೆ 20 ಅಡಿ ಸುತ್ತಳತೆಯಲ್ಲ, 20 ಅಡಿ ತ್ರಿಜ್ಯ. ಅದರೊಳಗೆ ನಮ್ಮವನು ಸಿಕ್ಕಿದ್ದಾನಾ ಇಲ್ವಾ ಎಂದು ಬರೀ ಮಾತಿನಲ್ಲಿ ತೀರ್ಮಾನ ಮಾಡಿದರೆ ಪ್ರತಿ ಸಲ ಜಿಎಂ ಹೇಳಿದ್ದೇ ಕೊನೆ. ಮ್ಯಾಪ್ ಇದ್ದರೆ ಆಟಗಾರ ತಾನೇ ನೋಡಿ ಲೆಕ್ಕ ಹಾಕುತ್ತಾನೆ. ಅದು ಅವನಿಗೆ ಸಲ್ಲಬೇಕಾದ ಅಧಿಕಾರ.

ನೆಟ್ ವಿಷಯಕ್ಕೆ ಬರೋಣ. ನಾನು ಬಳಸುವುದು ಫೌಂಡ್ರಿ ವಿಟಿಟಿ, ಮ್ಯಾಪ್ ಮತ್ತು ಟೋಕನ್‌ಗಳನ್ನು ಎಲ್ಲರ ಪರದೆಗೂ ತೋರಿಸುವ ಸಾಫ್ಟ್‌ವೇರ್. 2020ರಲ್ಲಿ ಬಂದದ್ದು. ಜಿಎಂ ಒಬ್ಬ ಒಮ್ಮೆ ದುಡ್ಡು ಕೊಟ್ಟರೆ ಸಾಕು, ಆಟಗಾರರಿಗೆ ಬ್ರೌಸರ್ ಇದ್ದರಾಯಿತು. ಮನೆಯ ಕಂಪ್ಯೂಟರಿನಲ್ಲೇ ನಡೆಸಿದರೆ ಪ್ರತಿಯೊಬ್ಬ ಆಟಗಾರನಿಗೂ ಮ್ಯಾಪ್ ಹೋಗುವುದು ನಿಮ್ಮ ಅಪ್‌ಲೋಡ್‌ನಿಂದ. 20 ಎಂಬಿಯ ಪಿಎನ್‌ಜಿ ಚಿತ್ರ ಹಾಕಿ ಐದು ಜನರನ್ನು ಕರೆದರೆ 100 ಎಂಬಿ ನಿಮ್ಮ ಮನೆಯಿಂದ ಹೊರಗೆ ಹೋಗಬೇಕು. ಅದೇ ಚಿತ್ರವನ್ನು ವೆಬ್‌ಪಿ ಎಂಬ ಹಗುರ ಫೈಲ್ ಆಗಿ ಬದಲಿಸಿ. ಕಣ್ಣಿಗೆ ವ್ಯತ್ಯಾಸ ಕಾಣದ ಹಾಗೆ ಒಂದೆರಡು ಎಂಬಿಗೆ ಇಳಿಯುತ್ತದೆ. ಆಟ ಶುರುವಾಗುವ ಮೊದಲೇ ಆ ದೃಶ್ಯವನ್ನು ಎಲ್ಲರಿಗೂ ಪ್ರೀಲೋಡ್ ಮಾಡಿಸಿ. ಒಮ್ಮೆ ಬಂದ ಮೇಲೆ ಟೋಕನ್ ಆಚೀಚೆ ಹೋಗುವುದಕ್ಕೆ ಡೇಟಾ ಬೇಕಾಗುವುದು ಬಹಳ ಕಡಿಮೆ. ಹಳೆಯ ಲ್ಯಾಪ್‌ಟಾಪ್ ಇರುವವರಿದ್ದರೆ ಬೆಳಕು-ನೆರಳು, ಮಂಜಿನ ಎಫೆಕ್ಟ್ ಎಲ್ಲ ಆಫ್ ಮಾಡಿ.

ಇನ್ನೊಂದು ಮುಖ್ಯ ವಿಷಯ. ಮೊಬೈಲ್ ನೆಟ್‌ನಲ್ಲಿ, ಕೆಲವು ಫೈಬರ್‌ಗಳಲ್ಲಿ ಕೂಡ, ನಿಮಗೇ ಮೀಸಲಾದ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ನಿಮ್ಮ ವಿಳಾಸ) ಇರುವುದಿಲ್ಲ. ಸಿಜಿನ್ಯಾಟ್, ಅಂದರೆ ಹಲವರು ಒಂದೇ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆಯ ಹಿಂದೆ ಇರುತ್ತೀರಿ. ಆಗ ರೌಟರಿನಲ್ಲಿ ಫೌಂಡ್ರಿಯ 30000 ನಂಬರಿನ ಪೋರ್ಟ್ ತೆರೆದು ಎಷ್ಟು ಹೊತ್ತು ಕೂತರೂ ಹೊರಗಿನವರಿಗೆ ನಿಮ್ಮ ಸರ್ವರ್ ಕಾಣುವುದಿಲ್ಲ. ಟನಲ್ (ಇನ್ನೊಂದು ಸರ್ವರ್ ಮೂಲಕ ಒಳಬರುವ ದಾರಿ) ಹಾಕಬೇಕು, ಇಲ್ಲಾ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಸಣ್ಣ ಕ್ಲೌಡ್ ಸರ್ವರ್ ಹಿಡಿಯಬೇಕು. ಎರಡನೆಯದೇ ಒಳ್ಳೆಯದು. ಕಾರವಾರದಲ್ಲಿ ಕರೆಂಟು ಹೋದರೂ ಮ್ಯಾಪ್ ಅಲ್ಲಿ ಜೀವಂತ ಇರುತ್ತದೆ.

ಡೈಸ್ ಡಬ್ಬಿ (ಹೊನ್ನಾವರ):

ನೀವಿಬ್ಬರೂ ಬೇರೆ ಬೇರೆ ಆಟದ ಬಗ್ಗೆ ಮಾತಾಡುತ್ತಿದ್ದೀರಿ ಅನ್ನಿಸುತ್ತದೆ. ಯಾವ ನಿಯಮ ಎನ್ನುವುದರ ಮೇಲೆ ಮ್ಯಾಪ್ ಬೇಕಾ ಬೇಡವಾ ಎನ್ನುವುದು ನಿಂತಿದೆ.

ಡಿ ಅಂಡ್ ಡಿಯಂಥ ಡಿ20 (20 ಮುಖದ ಡೈಸ್) ಆಟದಲ್ಲಿ ಹೊಡೆದರೆ ಹೊಡೆತ, ತಪ್ಪಿದರೆ ಏನೂ ಇಲ್ಲ. ಐದು ಜನ ಆಟಗಾರರು, ತಲಾ 2 ನಿಮಿಷ, ಜಿಎಂ ಕಡೆಯ ಶತ್ರುಗಳಿಗೆ 3 ನಿಮಿಷ ಅಂದುಕೊಳ್ಳಿ. ಒಂದು ಸುತ್ತು 13 ನಿಮಿಷ. ಒಬ್ಬ ಆಟಗಾರ 11 ನಿಮಿಷ ಮ್ಯೂಟ್‌ನಲ್ಲಿ ಕಾದು, ಡೈಸ್ ಹಾಕಿ, ತಪ್ಪಿತು ಎಂದು ಕೇಳಿ, ಮತ್ತೆ 11 ನಿಮಿಷ ಕಾಯಬೇಕು. ಎದುರಿಗೆ ಕೂತಿದ್ದರೆ ಮಾತು, ಚಹಾ, ನಗು ಇರುತ್ತದೆ. ಆನ್‌ಲೈನ್‌ನಲ್ಲಿ ಅವನು ಬೇರೆ ಟ್ಯಾಬ್ ತೆರೆಯುತ್ತಾನೆ. ಅವನದ್ದೇನೂ ತಪ್ಪಿಲ್ಲ.

2010ರಲ್ಲಿ ವಿನ್ಸೆಂಟ್ ಮತ್ತು ಮೆಗ್ವೆ ಬೇಕರ್ ತಂದ ಅಪೋಕ್ಯಾಲಿಪ್ಸ್ ವರ್ಲ್ಡ್‌ನಿಂದ ಶುರುವಾದ ಸಾಲಿನ ಆಟಗಳನ್ನು ನೋಡಿ. ಆರು ಮುಖದ ಎರಡು ಡೈಸ್. ಮೊತ್ತ 10 ಅಥವಾ ಮೇಲೆ ಬಂದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಗೆಲುವು ಉಂಟು, ಆದರೆ ಏನಾದರೂ ತೆರಬೇಕು. 6 ಅಥವಾ ಕೆಳಗೆ ಬಂದರೆ ಜಿಎಂ ಕಥೆಯನ್ನು ಬಿಗಿ ಮಾಡುತ್ತಾನೆ. ಮೊತ್ತಕ್ಕೆ ಕೂಡಿಸುವ ಪಾತ್ರದ ಅಂಕ ಏನೂ ಇಲ್ಲದಿದ್ದರೆ 36ರಲ್ಲಿ 6 ಸಲ ಪೂರ್ತಿ ಗೆಲುವು, 15 ಸಲ ನಡುವಿನದು, 15 ಸಲ ಸೋಲು. +1 ಇದ್ದರೆ 10, 16, 10. ಆ ನಡುವಿನ ಫಲಿತಾಂಶವೇ ಆನ್‌ಲೈನ್‌ಗೆ ಹೇಳಿ ಮಾಡಿಸಿದ್ದು. ಜಿಎಂ ಆಟಗಾರನಿಗೆ ತಕ್ಷಣ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ. ಮೂಟೆ ಉಳಿಸಿಕೊಳ್ಳುತ್ತೀಯಾ, ಗೆಳೆಯನ ಕೈ ಹಿಡಿಯುತ್ತೀಯಾ? ಡೈಸೇ ಮಾತು ಹುಟ್ಟಿಸುತ್ತದೆ.

ಸೋಂದಾ ಕಡೆಯವಳು (ಶಿರಸಿ):

ನಿಯಮ ಯಾವುದೇ ಇರಲಿ, ಸರದಿ ಹಂಚುವುದನ್ನು ನಾನು ಕಲಿತದ್ದು ತಾಳಮದ್ದಳೆಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಯಕ್ಷಗಾನ ಮೇಳಗಳ ತಿರುಗಾಟ ಮಳೆಗಾಲಕ್ಕೆ ನಿಲ್ಲುತ್ತದೆ. ಆಗ ನಮ್ಮಲ್ಲಿ ದೇವಸ್ಥಾನದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ತಾಳಮದ್ದಳೆ ಕೂಟ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು. ಮಾತು ಮಾತ್ರ ಆ ಹೊತ್ತಿಗೆ, ಆ ಎದುರಾಳಿಗೆ ತಕ್ಕಂತೆ ಅಲ್ಲೇ ಹುಟ್ಟಬೇಕು. ಕೇಳುವವರು ಮಾತಿನಿಂದಲೇ ಕುರುಕ್ಷೇತ್ರವನ್ನೂ ಕಿಷ್ಕಿಂಧೆಯನ್ನೂ ಕಾಣುತ್ತಾರೆ. ಬರೀ ದನಿಯಲ್ಲಿ ಆಡುವ ಆನ್‌ಲೈನ್ ಟೇಬಲ್‌ಗೆ ಇದಕ್ಕಿಂತ ಹತ್ತಿರದ ಕಲೆ ನನಗೆ ಗೊತ್ತಿಲ್ಲ. ಭಾಗವತರ ಜಾಗದಲ್ಲಿ ಜಿಎಂ ಇದ್ದಾನೆ.

ಭಾಗವತರ ಪದ್ಯ ಮುಗಿಯುವ ಹೊತ್ತಿಗೆ ಈಗ ಅರ್ಥ ಹೇಳಬೇಕಾದವರು ಯಾರು ಎನ್ನುವುದರಲ್ಲಿ ಯಾರಿಗೂ ಗೊಂದಲ ಇರುವುದಿಲ್ಲ. ನಾನು ಜಿಎಂ ಆಗಿ ಇದನ್ನೇ ಪಾಲಿಸುತ್ತೇನೆ. ನನ್ನ ಪ್ರತಿ ವರ್ಣನೆ ಒಂದು ಪಾತ್ರದ ಹೆಸರು ಮತ್ತು ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ‘ಈಗ ಏನು ಮಾಡುತ್ತೀರಿ?’ ಎಂದು ಗಾಳಿಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಕೋಟೆ ಬಾಗಿಲಿನ ದೀಪ ಆರಿತು. ದುಗ್ಗಿ, ನೀನು ಬಾಗಿಲಿಗೆ ಹತ್ತಿರ ಇದ್ದೀಯ, ಕೈ ಎಲ್ಲಿಗೆ ಹೋಯಿತು?’ ಎಂದರೆ ದುಗ್ಗಿಯ ಆಟಗಾರ್ತಿ ಅನ್‌ಮ್ಯೂಟ್ ಆಗುತ್ತಾಳೆ. ಜೊತೆಗೇ ಮುಂದಿನವರನ್ನೂ ಎಚ್ಚರಿಸುತ್ತೇನೆ: ‘ಆಮೇಲೆ ಸಾಂತಯ್ಯ.’ ಸಾಂತಯ್ಯನ ಆಟಗಾರ ಅಷ್ಟರಲ್ಲಿ ಯೋಚಿಸಿಕೊಂಡಿರುತ್ತಾನೆ.

ಇನ್ನೊಂದು ಪಾಠ, ಮಾತು ಹಿಗ್ಗಿದಾಗ ಏನು ಮಾಡುವುದು. ಅರ್ಥಧಾರಿಯ ಮಾತು ಉದ್ದವಾದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಬೈಯುವುದಿಲ್ಲ, ಸಾಕು ಎನ್ನುವುದಿಲ್ಲ. ಪ್ರಸಂಗ ಮುಂದೆ ಹೋಗುತ್ತದೆ, ಮಾತಾಡಿದವನ ಮರ್ಯಾದೆ ಉಳಿಯುತ್ತದೆ. ಜೋರು ದನಿಯ ಆಟಗಾರನನ್ನು ನಿಲ್ಲಿಸುವುದು ಹೀಗೇ. ಅವನು ಉಸಿರು ತೆಗೆದುಕೊಂಡ ಹೊತ್ತಿಗೆ ದೃಶ್ಯವನ್ನೇ ಮುಂದಕ್ಕೆ ತಳ್ಳಿ, ಬೇರೆಯವರ ಹೆಸರು ಹಿಡಿದು ಕೊಡಿ.

ಇನ್ನು ಎದುರು ಅರ್ಥಧಾರಿ. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ. ರಾಮನ ಅರ್ಥ ಹೇಳುವವರು ವಾಲಿ ಕೇಳಿದ್ದಕ್ಕೇ ಉತ್ತರ ಕೊಡಬೇಕು, ಮನೆಯಿಂದ ತಂದ ಭಾಷಣ ಒಪ್ಪಿಸಿದರೆ ನಡೆಯುವುದಿಲ್ಲ. ಆದ್ದರಿಂದ ಅವರು ಕಿವಿ ಕೊಟ್ಟು ಕೇಳುತ್ತಾರೆ. ನಾನು ಆಟಗಾರರಿಗೆ ಆಗಾಗ ಕೇಳುವುದು ಇದನ್ನೇ: ಅವನು ಹಾಗೆ ಮಾಡಿದಾಗ ನಿನಗೆ ಏನು ಅನ್ನಿಸಿತು? ಇನ್ನೊಬ್ಬರ ಸರದಿಯಲ್ಲೂ ಕೇಳುತ್ತಿರಬೇಕು ಎಂದು ಗೊತ್ತಾದರೆ ಬೇರೆ ಟ್ಯಾಬ್ ತೆರೆಯುವುದು ತಾನಾಗಿ ಕಡಿಮೆಯಾಗುತ್ತದೆ.

ಡೈಸ್ ಡಬ್ಬಿ (ಹೊನ್ನಾವರ):

ಚೆನ್ನಾಗಿ ಹೇಳಿದಿರಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆಯಲ್ವಾ? ವಾಲಿ ಎಷ್ಟೇ ಚೆನ್ನಾಗಿ ವಾದ ಮಾಡಿದರೂ ಕೊನೆಗೆ ಸಾಯಲೇಬೇಕು. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ನಮ್ಮ ಆಟದಲ್ಲಿ ಕೊನೆ ಜಿಎಂಗೂ ಗೊತ್ತಿರಬಾರದು. ಭಾಗವತರ ಹಾಗೆ ದಾರಿ ಹಿಡಿದು ನಡೆಸಲು ಹೋದರೆ ಆಟಗಾರರು ಬರೀ ಜಿಎಂ ಬರೆದ ಕಥೆಗೆ ದನಿ ಕೊಡುವವರಾಗುತ್ತಾರೆ. ಡೈಸ್ ಇರುವುದೇ ಅದನ್ನು ತಡೆಯಲಿಕ್ಕೆ.

ಸೋಂದಾ ಕಡೆಯವಳು (ಶಿರಸಿ):

ಒಪ್ಪಿದೆ. ನಾನು ತೆಗೆದುಕೊಂಡದ್ದು ಸರದಿ ನಡೆಸುವ ಕ್ರಮವನ್ನು ಮಾತ್ರ. ಏನಾಗುತ್ತದೆ ಎನ್ನುವುದು ಡೈಸ್ ಮತ್ತು ಆಟಗಾರರ ಕೈಯಲ್ಲೇ ಇರಲಿ. ನಾನು ಮೊದಲೇ ಬರೆದಿಡುವುದು ಊರು, ಜನ, ಅವರ ಆಸೆಗಳು. ಘಟನೆ ಬರೆಯುವುದಿಲ್ಲ.

ಗಂಗಾವಳಿ ಹೊಸಬ (ಅಂಕೋಲಾ):

ನಮಸ್ಕಾರ. ಈ ಆಟ ಬೇರೆಯವರು ಆಡುವುದನ್ನು ಕೇಳಿದ್ದೇನೆ, ಆಡಿಸಿಲ್ಲ. ನಾಲ್ಕು ಜನ ಗೆಳೆಯರು ತಯಾರಿದ್ದಾರೆ. ಯಾರ ಹತ್ತಿರವೂ ಲ್ಯಾಪ್‌ಟಾಪ್ ಇಲ್ಲ, ಎಲ್ಲರದ್ದೂ ಮೊಬೈಲ್. ಪುಸ್ತಕಗಳಿಗೆ ದುಡ್ಡು ಹಾಕುವಷ್ಟು ಅನುಕೂಲ ಇಲ್ಲ. ಇಂಗ್ಲಿಷ್ ಓದುವುದು ಇಬ್ಬರಿಗೆ ಕಷ್ಟ. ಮನೆಯಲ್ಲಿ ಕೊಂಕಣಿ ಆಡುವವನು ಒಬ್ಬ. ಇದು ಸಾಧ್ಯವಾ?

ಅಘನಾಶಿನಿ ಜಿಎಂ (ಕುಮಟಾ):

ಖಂಡಿತ ಸಾಧ್ಯ. ನಿಮ್ಮಂಥವರಿಗಾಗಿಯೇ ಈ ಚರ್ಚೆ ಶುರು ಮಾಡಿದ್ದು.

ದುಡ್ಡು ಬೇಡ. ಡಿ ಅಂಡ್ ಡಿಯ ಮೂಲ ನಿಯಮಗಳ ದಾಖಲೆ, ಎಸ್‌ಆರ್‌ಡಿ 5.1, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಂತು. ಮೂಲಕ್ಕೆ ಕ್ರೆಡಿಟ್ ಕೊಟ್ಟರೆ ಸಾಕು, ಅದನ್ನು ಕನ್ನಡಕ್ಕೆ ತಂದು ಹಂಚಲೂಬಹುದು. ಇದು ನಮಗೆ ಎಷ್ಟು ದೊಡ್ಡ ಅವಕಾಶ ಎಂದು ಹೆಚ್ಚು ಜನ ಗಮನಿಸಿಲ್ಲ. ಆದರೆ ಅದು ನೂರಾರು ಪುಟ. ಮೊದಲ ಆಟಕ್ಕೆ ಬೇಡ. ಮೇಲೆ ಹೇಳಿದ ಎರಡು ಡೈಸ್‌ನ ನಿಯಮ ಒಂದು ಪುಟದಲ್ಲಿ ಮುಗಿಯುತ್ತದೆ. ಅದನ್ನು ಕನ್ನಡದಲ್ಲಿ ನೀವೇ ಬರೆದು, ಫೋಟೋ ತೆಗೆದು ಗುಂಪಿಗೆ ಹಾಕಿ. ಪಾತ್ರಕ್ಕೆ ಒಂದು ಹೆಸರು, ಒಂದು ಕಸುಬು, ತುಂಬಾ ಚೆನ್ನಾಗಿ ಬರುವ ಒಂದು ಕೆಲಸ, ಒಂದು ಹೆದರಿಕೆ. ಇಷ್ಟು ಸಾಕು. ಡೈಸ್ ಲೂಡೋ ಡಬ್ಬಿಯಲ್ಲಿದೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಹಾಕಿ ಬಂದದ್ದು ಹೇಳಲಿ. ನಂಬಿ. ಗೆಳೆಯರ ಜೊತೆ ಆಡುವಾಗ ಡೈಸ್ ಬಾಟ್ (ಚಾಟ್‌ನಲ್ಲೇ ಡೈಸ್ ಹಾಕಿ ತೋರಿಸುವ ಪ್ರೋಗ್ರಾಂ) ಇಟ್ಟು ಕಾಯುವ ಅಗತ್ಯ ಇಲ್ಲ.

ಕೊಂಕಣಿ ಗೆಳೆಯ ತನ್ನ ಪಾತ್ರದ ಮಾತನ್ನು ಕೊಂಕಣಿಯಲ್ಲೇ ಆಡಲಿ. ನಮ್ಮ ಬಂದರುಗಳಲ್ಲಿ ಯಾವ ಕಾಲಕ್ಕೂ ಒಂದೇ ಭಾಷೆ ಇರಲಿಲ್ಲ. ನಿಮ್ಮ ಕಥೆಯ ದೋಣಿಯಲ್ಲೂ ಇರಬೇಕಾಗಿಲ್ಲ.

ಕಥೆ ಶುರು ಮಾಡುವ ಮೊದಲು ಒಂದು ಸಂಜೆ ಬರೀ ಮಾತಾಡಿ. ಇದನ್ನು ಸೆಷನ್ ಜೀರೋ ಅನ್ನುತ್ತಾರೆ. ಎಷ್ಟು ಹೊತ್ತು ಆಡುವುದು, ಯಾವ ಥರದ ಕಥೆ, ಯಾವುದು ಕಥೆಯಲ್ಲಿ ಬರಲೇಬಾರದು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಅಂಕೋಲಾದವರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮ್ಮ ತಾಲೂಕಿನಲ್ಲೇ. ಹೆದ್ದಾರಿಯಲ್ಲಿದ್ದವರು ಮಣ್ಣಿನಡಿ ಹೋದರು, ಗಂಗಾವಳಿಯಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ಮಳೆಗಾಲದ ಸಾಹಸ ಕಥೆ ಬರೆಯುವ ಜಿಎಂಗೆ ಗುಡ್ಡ ಕುಸಿಯುವ ದೃಶ್ಯ ಸುಲಭವಾಗಿ ಹೊಳೆಯುತ್ತದೆ. ನಿಮ್ಮ ಟೇಬಲ್‌ನಲ್ಲಿ ಅದು ಬೇಡ ಎನ್ನುವವರು ಇರಬಹುದು. ಕೇಳಿ. ಬೇಡ ಎಂದರೆ ಕಾರಣ ಕೇಳದೆ ಬಿಡಿ. ಆಟದ ನಡುವೆ ಯಾರಿಗಾದರೂ ಕಷ್ಟವಾದರೆ ಚಾಟ್‌ನಲ್ಲಿ ‘ಎಕ್ಸ್’ ಎಂದು ಹಾಕಲಿ, ಜಿಎಂ ಆ ದೃಶ್ಯವನ್ನು ಅಲ್ಲೇ ದಾಟಿಸಲಿ. ಇದು ಜಾನ್ ಸ್ಟಾವ್ರೊಪೊಲೊಸ್ ರೂಪಿಸಿದ ಎಕ್ಸ್-ಕಾರ್ಡ್ ಪದ್ಧತಿ. ಆನ್‌ಲೈನ್‌ನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಇದು ಇನ್ನೂ ಜಾಸ್ತಿ ಬೇಕು.

ಕಾಳಿ ದಂಡೆ (ಕಾರವಾರ):

ಹೊಸಬರೇ, ಮೊಬೈಲ್‌ನಲ್ಲಿ ಫೌಂಡ್ರಿ ಬೇಡ, ಆ ಸಣ್ಣ ಪರದೆಗೆ ಅದು ಹೊಂದುವುದಿಲ್ಲ. ಜಾಗ ತೋರಿಸಲೇಬೇಕಾದರೆ ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ಫೋಟೋ ಕಳಿಸಿ. ನಾನು ಮ್ಯಾಪ್ ಪರ ಇರುವವನು, ಆದರೂ ಹೇಳುತ್ತೇನೆ, ಕೈಯಲ್ಲಿ ಬರೆದ ಚಿತ್ರಕ್ಕೆ ಆಟಗಾರರು ಕೊಡುವ ಗಮನ ದುಬಾರಿ ಮ್ಯಾಪಿಗೆ ಸಿಗುವುದಿಲ್ಲ.

ಕರೆಂಟು ಹೋದಾಗ ಮನೆಯಲ್ಲಿ ಏನು ಮಾಡುವುದು ಎಂದು ಯಾರೂ ಬರೆದಿಲ್ಲ. ಮನೆಯಲ್ಲಿ ಫೈಬರ್ ಇರುವವರು ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸಿಕೊಳ್ಳಿ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು, ಒಂದಕ್ಕೆ ಹಾಕಿದರೆ ಏನೂ ಪ್ರಯೋಜನ ಇಲ್ಲ. ಆಮೇಲೆ ಒಂದು ಒಪ್ಪಂದ ಮಾಡಿಕೊಳ್ಳಿ. ಆಟಗಾರ ಕಾಣೆಯಾದರೆ ಅವನ ಪಾತ್ರವನ್ನು ಯಾರು ನಡೆಸುತ್ತಾರೆ? ನನ್ನ ಟೇಬಲ್‌ನಲ್ಲಿ ಪ್ರತಿಯೊಬ್ಬರೂ ಒಬ್ಬರನ್ನು ಮೊದಲೇ ಹೆಸರಿಸಿರುತ್ತಾರೆ. ಆ ಹೊತ್ತಿನಲ್ಲಿ ಪಾತ್ರ ಸಾಯುವ ಹಾಗಿಲ್ಲ.

ಗಂಗಾವಳಿ ಹೊಸಬ (ಅಂಕೋಲಾ):

ಜಿಎಂ ಮನೆಯಲ್ಲೇ ಕರೆಂಟು ಹೋದರೆ?

ಕಾಳಿ ದಂಡೆ (ಕಾರವಾರ):

ಆಟಗಾರರು ತಮ್ಮ ಪಾತ್ರಗಳಾಗಿಯೇ ಮಾತು ಮುಂದುವರಿಸಲಿ. ಬೆಂಕಿ ಸುತ್ತ ಕೂತಿದ್ದಾರೆ, ಕಾವಲು ಬದಲಾಗುವ ತನಕ ಒಬ್ಬರಿಗೊಬ್ಬರು ಊರಿನ ಕಥೆ ಹೇಳುತ್ತಾರೆ, ಹೀಗೆ. ಡೈಸ್ ಬೇಡ. ನೀವು ವಾಪಸ್ ಬಂದಾಗ ಅವರು ಹೇಳಿದ್ದನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಕಥೆಗೆ ಅಲ್ಲೇ ಸಾಮಗ್ರಿ ಸಿಗುತ್ತದೆ. ಅರ್ಧ ಗಂಟೆ ದಾಟಿದರೆ ಅವತ್ತಿಗೆ ಮುಗಿಸಿ.

ಡೈಸ್ ಡಬ್ಬಿ (ಹೊನ್ನಾವರ):

ಮ್ಯಾಪ್ ಇಲ್ಲದೆ ಒತ್ತಡ ಹುಟ್ಟಿಸಲು ಕ್ಲಾಕ್ ಬಳಸಿ. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್‌ನಿಂದ ಇದು ಹೆಚ್ಚು ಜನರಿಗೆ ಗೊತ್ತಾಯಿತು. ಒಂದು ವೃತ್ತ, ಅದರಲ್ಲಿ 4, 6 ಅಥವಾ 8 ಭಾಗ. ಅಪಾಯ ಹತ್ತಿರವಾದಂತೆ ಒಂದೊಂದೇ ತುಂಬುತ್ತಾ ಹೋಗುವುದು. ತುಂಬಿದಾಗ ಅದು ಆಗಿಯೇ ಆಗುತ್ತದೆ.

ಅಘನಾಶಿನಿ ಜಿಎಂ (ಕುಮಟಾ):

ಇದನ್ನು ನಾನು ಉಬ್ಬರಕ್ಕೆ ಬಳಸುತ್ತೇನೆ! ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಹಾಗಾಗಿ ಆರು ಭಾಗದ ಕ್ಲಾಕ್ ಸರಿಹೊಂದುತ್ತದೆ, ಕಥೆಯ ಒಂದು ಗಂಟೆಗೆ ಒಂದು ಭಾಗ. ಇಳಿತದಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಮರಳು ದಿಬ್ಬ ಏಳುತ್ತದೆ, ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಅಷ್ಟು ದೂರ ನಡೆದು ಹೋಗುತ್ತಾರೆ. ರಾತ್ರಿ ಯಾವ ದೋಣಿ ಎಲ್ಲಿ ನಿಂತಿತ್ತು ಎಂದು ಅವರಿಗೆ ಗೊತ್ತು. ಆಟಗಾರರು ಅವರನ್ನು ಮಾತಾಡಿಸಬೇಕು. ಭಾಗ ತುಂಬುತ್ತಾ ಬಂದಂತೆ ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಮುಚ್ಚುತ್ತದೆ, ಹೆಂಗಸರು ಬುಟ್ಟಿ ಎತ್ತಿಕೊಂಡು ದಡಕ್ಕೆ ಹೊರಡುತ್ತಾರೆ, ಮೆಣಸಿನ ಭಾರ ಹೊತ್ತ ದೋಣಿಗೆ ತೇಲುವಷ್ಟು ನೀರು ಬರುತ್ತದೆ. ಇಷ್ಟಕ್ಕೂ ಒಂದು ಮ್ಯಾಪ್ ಬೇಕಾಗಿಲ್ಲ. ಈ ಊರಿನವರಿಗೆ ಅಳಿವೆ ಕಣ್ಣ ಮುಂದೆಯೇ ಇದೆ. ಬೆಂಗಳೂರಿನ ಇಬ್ಬರಿಗೆ ಉಳಿದವರು ವಿವರಿಸುತ್ತಾರೆ, ಆ ವಿವರಣೆಯೂ ಆಟವೇ.

ಸೋಂದಾ ಕಡೆಯವಳು (ಶಿರಸಿ):

ಹೊಸಬರೇ, ಮೊದಲ ಆಟಕ್ಕೆ ಇದನ್ನೇ ತೆಗೆದುಕೊಳ್ಳಿ. ಗಂಗಾವಳಿಯಲ್ಲೂ ಉಬ್ಬರ ಏರುತ್ತದೆ, ನದಿ ಬದಲಿಸಿದರಾಯಿತು. ಎರಡು ಗಂಟೆ ಸಾಕು, ನಡುವೆ ಹತ್ತು ನಿಮಿಷ ಬಿಡುವು. ಮೊದಲ ಪ್ರಶ್ನೆಯನ್ನು ನಾಲ್ವರಲ್ಲಿ ಅತಿ ಕಡಿಮೆ ಮಾತಾಡುವವರಿಗೆ ಕೇಳಿ, ಉತ್ತರ ಸುಲಭ ಇರುವಂಥ ಪ್ರಶ್ನೆ ಇರಲಿ: ‘ದೋಣಿಯಲ್ಲಿ ನೀನು ಎಲ್ಲಿ ಕೂತಿದ್ದೀಯ?’

ಗಂಗಾವಳಿ ಹೊಸಬ (ಅಂಕೋಲಾ):

ಭಾನುವಾರ ಸಂಜೆಗೆ ಇಟ್ಟುಕೊಂಡಿದ್ದೇವೆ. ಒಂದು ಪುಟದ ನಿಯಮ ಬರೆಯಲು ಕೂತಿದ್ದೇನೆ, ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ, ತಿದ್ದಿ ಕೊಡಿ. ಗುಡ್ಡ ಕುಸಿತದ ವಿಷಯ ಗೆಳೆಯರಿಗೆ ಕೇಳಿದೆ. ಒಬ್ಬ ಬೇಡ ಅಂದ. ಕಥೆಯನ್ನು ಪೂರ್ತಿ ಹೊಳೆಯ ಬಾಯಿಯ ಕಡೆ ಇಡುತ್ತಿದ್ದೇನೆ.